ಮಾನವೀಯತೆ ಪೇಪರ್‌ನಲ್ಲಿ 25ಕ್ಕೆ 23, ವಾರ್ಡಿನಲ್ಲಿ ಪರದೆ ಎಳೆಯುವುದೇ ಮರೆತಳು. ನರ್ಸಿಂಗ್ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ?

ಹೊಸ_ಟ್ಯೂಟರ್:

ಎಲ್ಲರಿಗೂ ನಮಸ್ಕಾರ. ಆರು ವರ್ಷ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಈಗ ಎಂಟು ತಿಂಗಳಿಂದ ಪಾಠ ಮಾಡುವ ಕೆಲಸ. ಈ ಸಲ ನನ್ನ ಪಾಲಿಗೆ ಬಂದಿರುವುದು ನೀತಿ, ಮಾನವೀಯ ಮೌಲ್ಯ, ರೋಗಿಯ ಹಕ್ಕು ಎಲ್ಲ ಸೇರಿಸಿದ ಒಂದು ಯೂನಿಟ್. ಹನ್ನೆರಡು ಗಂಟೆ ಪಾಠ, ಕೊನೆಗೆ ಒಂದು ಟೆಸ್ಟ್. ಬೇರೆ ಯಾರೂ ತೆಗೆದುಕೊಳ್ಳಲ್ಲ ಅಂತ ಹೊಸಬಳ ತಲೆಗೆ ಕಟ್ಟಿದ್ದಾರೆ, ಅದು ಬೇರೆ ಮಾತು.

ಪಾಠ ಚೆನ್ನಾಗೇ ಆಯಿತು ಅಂದುಕೊಂಡಿದ್ದೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ತಂದ ನೀತಿಸಂಹಿತೆ, 2021ರಲ್ಲಿ ಅದನ್ನು ತಿದ್ದಿದ್ದು, ರೆಡ್‌ಕ್ರಾಸ್‌ನ ಏಳು ತತ್ವ, ಎಲ್ಲ ಹೇಳಿದೆ. ಟೆಸ್ಟ್‌ನಲ್ಲಿ ಒಬ್ಬಳು 25ಕ್ಕೆ 23 ತೆಗೆದಳು. ರೋಗಿಯ ಘನತೆ ಅನ್ನುವ ಪ್ರಶ್ನೆಗೆ ಎರಡು ಪುಟ ಬರೆದಿದ್ದಳು. ನನಗೇ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ.

ಮರುವಾರ ವಾರ್ಡ್ ಪೋಸ್ಟಿಂಗ್. ಎಪ್ಪತ್ತು ದಾಟಿದ ಒಬ್ಬರು ಅಜ್ಜ, ಸೊಂಟದ ಮೂಳೆ ಮುರಿದು ಮಲಗಿದ್ದರು. ಇದೇ ಹುಡುಗಿ, ಜೊತೆಗೆ ಇನ್ನೂ ಮೂವರು, ಅವರಿಗೆ ಬೆಡ್ ಬಾತ್ ಕೊಡುತ್ತಿದ್ದರು, ಅಂದ್ರೆ ಮಲಗಿದಲ್ಲೇ ಮೈ ಒರೆಸುವುದು. ನೀರಿನ ಬಿಸಿ ಸರಿ ಇತ್ತು, ಕಣ್ಣಿನಿಂದ ಶುರು ಮಾಡಿದ ಕ್ರಮವೂ ಸರಿ. ಪರದೆ ಮಾತ್ರ ಅರ್ಧ ತೆರೆದಿತ್ತು. ಅಜ್ಜನ ಮೈಮೇಲೆ ಒಂದು ಟವೆಲ್ ಕೂಡ ಇಲ್ಲ. ಅವರನ್ನು ಮಧ್ಯದಲ್ಲಿ ಮಲಗಿಸಿಕೊಂಡು ನಾಲ್ವರೂ ಯಾವುದೋ ಹಾಸ್ಟೆಲ್ ಜಗಳದ ಮಾತಾಡುತ್ತಿದ್ದರು. ಅಜ್ಜ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಅಲ್ಲ, ಬಿಗಿಯಾಗಿ ಮುಚ್ಚಿಕೊಂಡಿದ್ದು. ನಾನು ಹೋಗಿ ಪರದೆ ಎಳೆದೆ. ಆ ಹುಡುಗಿ ಖುಷಿಯಿಂದ "ಮೇಡಂ, ಆರನೇ ಬೆಡ್ ಆಯ್ತು, ಮುಂದೆ ಎಂಟಾ?" ಅಂದಳು.

ಬೈಯಲಿಲ್ಲ. ಏನಂತ ಬೈಯುವುದು? ಅವಳು ಕೆಟ್ಟ ಹುಡುಗಿಯಲ್ಲ. ನಿಜವಾಗಲೂ ಸೇವೆ ಮಾಡಬೇಕು ಅಂತಲೇ ಈ ಕೋರ್ಸಿಗೆ ಬಂದವಳು. ಹಾಗಾದರೆ ನಾನು ಆ ಹನ್ನೆರಡು ಗಂಟೆ ಮಾಡಿದ್ದೇನು? ಮಾನವೀಯತೆ ಅನ್ನುವುದನ್ನು ಕಲಿಸೋಕೆ ಆಗುತ್ತಾ, ಇಲ್ಲ ಅದು ಮನೆಯಿಂದಲೇ ಬರಬೇಕಾ? ಕಲಿಸಬಹುದು ಅನ್ನುವವರು ದಯವಿಟ್ಟು ಏನು ಮಾಡಿದಿರಿ ಅಂತ ಬಿಡಿಸಿ ಹೇಳಿ. "ಪ್ರೀತಿಯಿಂದ ಕಲಿಸಿ" ಥರದ ಉತ್ತರ ಬೇಡ, ಅದು ನನಗೂ ಗೊತ್ತು.

ನಿವೃತ್ತ_ಇನ್‌ಚಾರ್ಜ್:

ತಂಗಿ, ನಾನು 31 ವರ್ಷ ವಾರ್ಡಿನಲ್ಲಿ ಕಳೆದವಳು. ನಿನ್ನ ಹುಡುಗಿ ಅದನ್ನು ಎಲ್ಲಿ ಕಲಿತಳು ಅಂತ ಮೊದಲು ಯೋಚನೆ ಮಾಡು. ಬೊಂಬೆಯ ಮೇಲೆ. ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬಿನ ಬೊಂಬೆಗೆ ಚಳಿಯಾಗಲ್ಲ, ನಾಚಿಕೆ ಆಗಲ್ಲ, "ಸ್ವಲ್ಪ ನಿಲ್ಲಮ್ಮ" ಅನ್ನಲ್ಲ. ಇಪ್ಪತ್ತು ಸಲ ಮೈ ಒರೆಸಿದ್ದು ಅಂಥ ಬೊಂಬೆಗೆ. ಇಪ್ಪತ್ತೊಂದನೇ ಸಲ ಬೊಂಬೆಯ ಜಾಗದಲ್ಲಿ ಒಬ್ಬ ಅಜ್ಜ ಇದ್ದರು, ಅಷ್ಟೇ. ಕೈಗೆ ಅಭ್ಯಾಸ ಆಗಿರುವುದನ್ನೇ ಕೈ ಮಾಡುತ್ತದೆ.

ಇನ್ನೊಂದು. ಪ್ರಾಕ್ಟಿಕಲ್ ಪರೀಕ್ಷೆ ನೋಡಿದ್ದೀಯಲ್ಲ? ಚೆಕ್‌ಲಿಸ್ಟ್‌ನ ಮೊದಲನೇ ಸಾಲು "ರೋಗಿಗೆ ವಿವರಿಸುವುದು". ಮಕ್ಕಳು ಏನು ಮಾಡುತ್ತಾರೆ? ಪರೀಕ್ಷಕರ ಕಡೆ ತಿರುಗಿ "ರೋಗಿಗೆ ವಿವರಿಸುತ್ತೇನೆ ಮೇಡಂ" ಅನ್ನುತ್ತಾರೆ. ನಾವು ಟಿಕ್ ಹಾಕುತ್ತೇವೆ. ರೋಗಿಗೆ ಯಾರೂ ಏನೂ ಹೇಳಿಲ್ಲ! ಹೇಳುತ್ತೇನೆ ಅಂತ ನಮಗೆ ಹೇಳಿದ್ದಕ್ಕೆ ಮಾರ್ಕ್ಸ್. ನಾನೂ ವರ್ಷಗಟ್ಟಲೆ ಹಾಗೇ ಟಿಕ್ ಹಾಕಿದವಳು, ಒಂದು ದಿನ ಪಕ್ಕದಲ್ಲಿ ಮಲಗಿದ್ದ ನಿಜವಾದ ರೋಗಿಯೇ "ನಂಗೇನೂ ಹೇಳಲಿಲ್ವಲ್ಲಮ್ಮ" ಅಂದಾಗ ಮುಖ ಕೆಂಪಾಯಿತು.

ಅದಕ್ಕೆ ನಾನು ಮಾಡಿದ ಮೊದಲ ಕೆಲಸ: ಬೊಂಬೆಗೇ ಮಾತಾಡಿಸಿ ಅಂದೆ. ನಿಮ್ಮ ಹೆಸರು ಹೇಳಿ, ಏನು ಮಾಡ್ತೀನಿ ಅಂತ ಹೇಳಿ, ಮಾಡಲಾ ಅಂತ ಕೇಳಿ, ಪರದೆ ಎಳೆಯಿರಿ, ಆಮೇಲೆ ಕೈ ಹಾಕಿ. ಇದನ್ನು ಬಿಟ್ಟರೆ ಮಿಕ್ಕಿದ್ದು ಎಷ್ಟೇ ಚೆನ್ನಾಗಿದ್ದರೂ ಫೇಲ್. ಡ್ರಿಪ್‌ಗೆ ಅಂತ ರಕ್ತನಾಳಕ್ಕೆ ಕ್ಯಾನುಲಾ ಹಾಕುವಾಗ ಕೈ ತೊಳೆಯದಿದ್ದರೆ ಫೇಲ್ ಮಾಡಲ್ವಾ, ಹಾಗೆ. ಮೊದಲು ನಗುತ್ತಾರೆ. ನಗಲಿ.

ಮತ್ತೆ "ಆರನೇ ಬೆಡ್" ಅಂದಳಲ್ಲ, ಅದು ನಿನ್ನ ಹುಡುಗಿ ಹುಟ್ಟಿಸಿದ್ದಲ್ಲ. 1960ರಲ್ಲಿ ಇಸಬೆಲ್ ಮೆಂಜಿಸ್ ಅನ್ನುವ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ರೋಗಿಯನ್ನು "10ನೇ ಬೆಡ್‌ನ ಲಿವರ್" ಅನ್ನುತ್ತಿದ್ದರಂತೆ. ಆಕೆ ಹೇಳಿದ್ದು ಏನಂದರೆ, ಇದು ಕಲ್ಲು ಮನಸ್ಸಲ್ಲ, ಭಯ. ಸಾವು, ನೋವು, ಬೇರೆಯವರ ಬೆತ್ತಲೆ ಮೈ, ಇದೆಲ್ಲ ಇಪ್ಪತ್ತು ವರ್ಷದ ಹುಡುಗಿಗೆ ಹತ್ತಿರದಿಂದ ತಡೆಯೋಕೆ ಆಗಲ್ಲ. ಅದಕ್ಕೆ ಆಸ್ಪತ್ರೆಯೇ ಕೆಲಸವನ್ನು ಚೂರು ಚೂರು ಮಾಡಿ ಹಂಚುತ್ತದೆ: ಒಬ್ಬಳು ಎಲ್ಲರ ಟೆಂಪರೇಚರ್, ಇನ್ನೊಬ್ಬಳು ಎಲ್ಲರ ಬೆಡ್‌ಪ್ಯಾನ್. ಯಾರಿಗೂ ಒಬ್ಬ ಪೂರ್ತಿ ಮನುಷ್ಯ ಸಿಗಲ್ಲ. ಅಂಟಿಕೊಳ್ಳುವ ಪ್ರಶ್ನೆಯೇ ಬರಲ್ಲ.

ಹಾಗಾಗಿ ಆಗುವುದಾದರೆ ನಿನ್ನ ಮಕ್ಕಳಿಗೆ ಕೆಲಸ ಹಂಚಬೇಡ, ರೋಗಿಯನ್ನು ಹಂಚು. ಒಬ್ಬಳಿಗೆ ಇಬ್ಬರು. ಅವರಿಬ್ಬರ ಎಲ್ಲವೂ ಅವಳದೇ. ಪಾಳಿ ಮುಗಿಸಿ ಮುಂದಿನವರಿಗೆ ಹ್ಯಾಂಡೋವರ್ ಕೊಡುವಾಗ ಮೊದಲು ಹೆಸರು, ಆಮೇಲೆ ಕಾಯಿಲೆಗೆ ಸಂಬಂಧವಿಲ್ಲದ ಒಂದು ಮಾತು, ಆಮೇಲೆ ಬೆಡ್ ನಂಬರು. "ಇವರಿಗೆ ಕನ್ನಡಕ ಇಲ್ಲದೆ ಏನೂ ಕಾಣಲ್ಲ, ಕನ್ನಡಕ ಡ್ರಾಯರ್‌ನಲ್ಲಿದೆ" ಥರದ್ದು. ಅದನ್ನು ಹೇಳಬೇಕು ಅಂದ್ರೆ ಅವಳು ಹೋಗಿ ಮಾತಾಡಿಸಿರಲೇಬೇಕು ಅಲ್ವಾ.

ನೈಟ್_ಡ್ಯೂಟಿ:

ಇನ್‌ಚಾರ್ಜ್ ಅಮ್ಮ ಹೇಳಿದ್ದು ಚೆನ್ನಾಗಿದೆ, ಆದರೆ ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿನ್ನೆ ರಾತ್ರಿ ನನ್ನ ಪಾಲಿಗೆ 28 ರೋಗಿಗಳು. ಇಬ್ಬರು ನರ್ಸ್ ಇರಬೇಕಾದ ಕಡೆ ನಾನೊಬ್ಬನೇ. ಹೆಸರು ಹೇಳಿಕೊಂಡು, ಮಾಡಲಾ ಅಂತ ಕೇಳಿಕೊಂಡು ಹೋಗಿದ್ದರೆ ಹತ್ತು ಗಂಟೆ ಇಂಜೆಕ್ಷನ್ ಮುಗಿಯುವಾಗ ಬೆಳಗಾಗುತ್ತಿತ್ತು.

1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ, ಬ್ಯಾಟ್ಸನ್ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಪಾದ್ರಿಯಾಗೋಕೆ ಓದುತ್ತಿದ್ದ 40 ಜನ. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಅಂತ ಕಳಿಸಿದರು. ಅರ್ಧ ಜನಕ್ಕೆ ಕೊಟ್ಟ ವಿಷಯ ದಾರಿಯಲ್ಲಿ ಗಾಯವಾಗಿ ಬಿದ್ದವನಿಗೆ ಸಹಾಯ ಮಾಡಿದ ಬೈಬಲ್ ಕತೆ. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದ, ಅವನನ್ನು ಪ್ರಯೋಗ ಮಾಡಿದವರೇ ಕೂರಿಸಿದ್ದು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ 63% ನಿಂತು ವಿಚಾರಿಸಿದರು. ತಡವಾಗಿದೆ ಓಡಿ ಅಂತ ಹೇಳಿಸಿಕೊಂಡವರಲ್ಲಿ 10%. ಯಾವ ಕತೆ ತಲೆಯಲ್ಲಿತ್ತು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ದಯೆಯ ಬಗ್ಗೆಯೇ ಭಾಷಣ ಮಾಡೋಕೆ ಹೋಗುತ್ತಿರುವವನು ಬಿದ್ದವನನ್ನು ದಾಟಿ ಹೋದ, ಯಾಕಂದ್ರೆ ಲೇಟಾಗಿತ್ತು.

ನಿಮ್ಮ ಹನ್ನೆರಡು ಗಂಟೆ ಪಾಠ ಅಂದ್ರೆ ಆ ಕತೆ. ವಾರ್ಡ್ ಅಂದ್ರೆ ಆ ಗಡಿಯಾರ. ಗಡಿಯಾರ ಗೆಲ್ಲುತ್ತದೆ.

ಸರಿ ಯಾವುದು ಅಂತ ಗೊತ್ತಿದ್ದೂ ಮಾಡೋಕೆ ಬಿಡದ ಸ್ಥಿತಿಗೆ ಆಂಡ್ರ್ಯೂ ಜೇಮ್ಟನ್ ಅನ್ನುವವರು 1984ರಲ್ಲೇ ನೈತಿಕ ಸಂಕಟ ಅಂತ ಹೆಸರು ಕೊಟ್ಟಿದ್ದಾರೆ, ಅದೂ ನರ್ಸ್‌ಗಳನ್ನು ನೋಡಿಯೇ. ನನಗೆ ಗೊತ್ತು, ಹದಿನಾಲ್ಕನೇ ಬೆಡ್‌ನವರನ್ನು ಎರಡು ಗಂಟೆಗೊಮ್ಮೆ ಪಕ್ಕಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬನೇ ಹೇಗೆ ತಿರುಗಿಸಲಿ? ಕಟ್ಟಿಕೊಂಡವರು ಮನೆಯಲ್ಲಿ "ಯಾಕೆ ಮಾತಾಡಲ್ಲ" ಅಂತ ಕೇಳುತ್ತಾರೆ. ಮಾತು ಅಲ್ಲೇ ಖರ್ಚಾಗಿರುತ್ತದೆ.

ಮೇಡಂ, ಒಂದು ಪ್ರಶ್ನೆ. ಪರದೆ ಅರ್ಧ ತೆರೆದಿತ್ತು ಅಂದಿರಿ. ಆ ಪರದೆ ಪೂರ್ತಿ ಮುಚ್ಚುತ್ತಾ ಅಂತ ಯಾವತ್ತಾದರೂ ನೋಡಿದ್ದೀರಾ?

ಮೂರನೇ_ವರ್ಷ:

ನಾನು ಸ್ಟೂಡೆಂಟ್. ಮೇಡಂ ಬರೆದಿರುವ ಆ ಹುಡುಗಿ ನಾನೇ ಇರಬಹುದು ಅನ್ನಿಸಿತು, ನಮ್ಮ ಕಾಲೇಜು ಅಲ್ಲ ಅಂದುಕೊಂಡಿದ್ದೇನೆ 🙂

ಒಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅಂತ. ನೀತಿ ಪಾಠದ ಕ್ಲಾಸಿಗೆ ಐದು ನಿಮಿಷ ತಡವಾಗಿದ್ದಕ್ಕೆ ನನ್ನನ್ನು ಒಂದು ಗಂಟೆ ನಿಲ್ಲಿಸಿದ್ದರು. ನೈಟ್ ಪೋಸ್ಟಿಂಗ್ ಮುಗಿಸಿ ಬಂದಿದ್ದೆ. ಅವತ್ತಿನ ಪಾಠ ಅನುಕಂಪ. ಸುಮ್ನೆ ಹೇಳುತ್ತಿಲ್ಲ, ಬೋರ್ಡಿನ ಮೇಲೆ ಅದೇ ಬರೆದಿತ್ತು.

ಮೊದಲ ವರ್ಷದ ಕೊನೆಯಲ್ಲಿ ನನ್ನ ಮೊದಲ ಸಾವು. ಒಬ್ಬರು ಅಜ್ಜಿ, ನಾಲ್ಕು ದಿನದಿಂದ ನಾನೇ ಊಟ ತಿನ್ನಿಸುತ್ತಿದ್ದೆ. ಬೆಳಗ್ಗೆ ಬಂದಾಗ ಪರದೆ ಎಳೆದಿತ್ತು. "ಹೋಗು, ಬಾಡಿ ರೆಡಿ ಮಾಡೋಕೆ ಸಹಾಯ ಮಾಡು" ಅಂದರು. ಅಜ್ಜಿ ಅಂತ ಇದ್ದವರು ರಾತ್ರಿ ಬೆಳಗಾಗುವುದರಲ್ಲಿ ಬಾಡಿ ಆಗಿದ್ದರು. ಕೈ ನಡುಗುತ್ತಿತ್ತು. ಒಳಗೆ ಒಬ್ಬರು ಸೀನಿಯರ್ ಸ್ಟಾಫ್ ಇದ್ದರು, ವಾರ್ಡಿನಲ್ಲಿ ಎಲ್ಲರೂ ಸಿಡುಕಿ ಅನ್ನುವವರು. ಅವರು ಬಟ್ಟೆ ಒದ್ದೆ ಮಾಡಿ ಹಿಂಡಿ, ಅಜ್ಜಿಯ ಮುಖದ ಹತ್ತಿರ ಬಗ್ಗಿ "ಅಜ್ಜಿ, ಮುಖ ಒರೆಸ್ತೀನಿ" ಅಂದರು. ಆಮೇಲೆ "ಈ ಕೈ ಎತ್ತುತೀನಿ" ಅಂದು ಕೈ ಎತ್ತಿದರು. ಕೊನೆವರೆಗೂ ಹಾಗೇ. ಕೂದಲು ಬಾಚಿ ಎರಡು ಭಾಗ ಮಾಡಿ ಹೆಣೆದರು, ಅಜ್ಜಿ ಯಾವಾಗಲೂ ಹಾಕಿಕೊಳ್ಳುತ್ತಿದ್ದ ಥರ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಏನೂ ಹೇಳಿಕೊಡಲಿಲ್ಲ.

ಎರಡೂವರೆ ವರ್ಷದಲ್ಲಿ ನಾನು ಕಲಿತ ಮಾನವೀಯತೆ ಅಂದ್ರೆ ಆ ಇಪ್ಪತ್ತು ನಿಮಿಷ. ಆದರೆ ಅದಾದ ಮೇಲೆ ಏನಾಯಿತು ಗೊತ್ತಾ? ಹೊರಗೆ ಬಂದೆ, ಒಂದು ಮೂಲೆಯಲ್ಲಿ ಅತ್ತೆ, ಇನ್ನೊಬ್ಬರು ಸ್ಟಾಫ್ ನೋಡಿ "ಇಷ್ಟಕ್ಕೆಲ್ಲ ಅತ್ತರೆ ಈ ಕೆಲಸ ಆಗಲ್ಲ" ಅಂದರು. ಎಂಟೂವರೆಗೆ ಉಳಿದ ರೋಗಿಗಳ ವೈಟಲ್ಸ್ (ಬಿಪಿ, ನಾಡಿ, ಜ್ವರ) ನೋಡೋಕೆ ಹೋದೆ. ಅವತ್ತಿಂದ ನಾನೂ ಬೆಡ್ ನಂಬರ್ ಹೇಳೋಕೆ ಶುರು ಮಾಡಿದೆ. ಇನ್‌ಚಾರ್ಜ್ ಮೇಡಂ ಭಯ ಅಂತ ಬರೆದಿದ್ದು ಓದಿ ಎರಡು ನಿಮಿಷ ಫೋನ್ ಕೆಳಗಿಟ್ಟೆ.

ಹೊಸ_ಟ್ಯೂಟರ್:

ಮೂರನೇ_ವರ್ಷ, ಬರೆದಿದ್ದಕ್ಕೆ ಥ್ಯಾಂಕ್ಸ್ ಪುಟ್ಟಿ. ನಾನೂ ಹೋದ ತಿಂಗಳು ಒಬ್ಬನನ್ನು ನಿಲ್ಲಿಸಿದ್ದೆ. ಯಾಕೆ ತಡ ಅಂತ ಕೇಳಿಯೇ ಇರಲಿಲ್ಲ.

ನೈಟ್_ಡ್ಯೂಟಿ ಸರ್, ಪರದೆ ನೋಡಿಲ್ಲ. ಸೋಮವಾರ ನೋಡಿ ಹೇಳುತ್ತೇನೆ.

ಹೊರಗೆ_ಕಾಯುವವ:

ನಾನು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಅಪ್ಪನನ್ನು ಸೇರಿಸಿ ಹತ್ತೊಂಬತ್ತು ದಿನ ವಾರ್ಡಿನ ಹೊರಗೆ ಕುರ್ಚಿಯಲ್ಲಿ ಮಲಗಿದವನು, ಅಷ್ಟು ಅನುಭವದ ಮೇಲೆ ಹೇಳುತ್ತಿದ್ದೇನೆ.

ಅಪ್ಪನ ಬಲಗೈಗೆ ಪ್ಲಾಸ್ಟರ್. ಎಡಗೈಗೆ ಡ್ರಿಪ್. ನೀರಿನ ಲೋಟ ಇಟ್ಟಿದ್ದ ಸಣ್ಣ ಟೇಬಲ್ ಮಂಚದ ಬಲಗಡೆ. ಮೂರು ದಿನ ದಿನಕ್ಕೆ ಹತ್ತು ಜನ ಬಂದು ಹೋದರು, ಚಾರ್ಟಿನಲ್ಲಿ ನೀರು ಎಷ್ಟು ಕುಡಿದರು ಅಂತ ಬರೆದರು, "ಜಾಸ್ತಿ ನೀರು ಕುಡೀಬೇಕು" ಅಂತ ಬೈದರು ಕೂಡ. ಅಪ್ಪ ಕೇಳುವ ಜನ ಅಲ್ಲ, ಸುಮ್ಮನಿದ್ದರು. ನಾಲ್ಕನೇ ದಿನ ಒಬ್ಬ ಸ್ಟೂಡೆಂಟ್ ಹುಡುಗ ಬಂದ, ಯೂನಿಫಾರ್ಮ್ ಸ್ವಲ್ಪ ದೊಗಳೆ. ಬಿಪಿ ನೋಡಿದ. ಹೋಗುವವನು ನಿಂತು ಲೋಟ ನೋಡಿದ, ಅಪ್ಪನ ಕೈ ನೋಡಿದ. ಟೇಬಲನ್ನು ಎಳೆದು ಎಡಗಡೆ ತಂದಿಟ್ಟ. ಡ್ರಿಪ್ ಟ್ಯೂಬ್ ಅಷ್ಟು ದೂರ ಬರುತ್ತಾ ಅಂತ ಅಪ್ಪನ ಕೈ ಹಿಡಿದು ಲೋಟದವರೆಗೂ ಒಯ್ದು ನೋಡಿ, ಒಂದು ಸ್ಟ್ರಾ ಹಾಕಿ ಹೋದ. ಒಂದು ನಿಮಿಷವೂ ಹಿಡಿದಿರಲ್ಲ.

ಅಪ್ಪ ಮನೆಗೆ ಬಂದ ಮೇಲೆ ಆಪರೇಷನ್ ಮಾಡಿದ ಡಾಕ್ಟರ್ ಹೆಸರು ಮರೆತರು. "ಟೇಬಲ್ ಎಳೆದ ಹುಡುಗ" ಅಂತ ಬಂದವರಿಗೆಲ್ಲ ಹೇಳುತ್ತಾರೆ. ನೈಟ್ ಡ್ಯೂಟಿ ಸರ್ ಹೇಳಿದ ಕಷ್ಟ ನಾನೂ ಕಣ್ಣಾರೆ ನೋಡಿದ್ದೇನೆ, ಒಬ್ಬರೇ ಓಡಾಡುತ್ತಿದ್ದರು. ಆದರೆ ಆ ಹುಡುಗನೂ ಅದೇ ವಾರ್ಡಿನವನು. ಅವನಿಗೆ ಅದನ್ನು ನೋಡೋಕೆ ಯಾರು ಕಲಿಸಿದರು ಅಂತ ಗೊತ್ತಾದರೆ ಮೇಡಂ ಪ್ರಶ್ನೆಗೆ ಉತ್ತರ ಸಿಗುತ್ತಿತ್ತೇನೋ.

ಡೇರೆ_ಆಸ್ಪತ್ರೆ:

ಪ್ರವಾಹ, ಭೂಕಂಪ ಆದ ಕಡೆ ಡೇರೆ ಹಾಕಿ ಕೆಲಸ ಮಾಡಿದವಳು ನಾನು. ಇಲ್ಲಿ ಮಾತು ಪೂರ್ತಿ ಮೃದು ಮನಸ್ಸಿನ ಕಡೆಗೆ ಹೋಗುತ್ತಿದೆ, ಸ್ವಲ್ಪ ತಡೆಯುತ್ತೇನೆ. ಮಾನವೀಯತೆ ಅಂದ್ರೆ ಕರಗುವುದು ಅಂತ ಮಕ್ಕಳಿಗೆ ಕಲಿಸಿದರೆ, ಕರಗಿಸುವ ರೋಗಿಗೆ ಮಾತ್ರ ಅದು ಸಿಗುತ್ತದೆ. ಮುದ್ದಾದ ಮಗುವಿಗೆ, ನಮ್ಮ ಅಜ್ಜಿಯ ಥರ ಇರುವ ಅಜ್ಜಿಗೆ. ಮಿಕ್ಕವರ ಗತಿ?

ನನ್ನ ಕಣ್ಣೆದುರು ನಡೆದದ್ದು, ಎಲ್ಲಿ ಅಂತ ಬೇಡ. ಒಂದು ಅಪಘಾತ. ಕುಡಿದು ಗಾಡಿ ಓಡಿಸಿದವನೂ, ಅವನ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ಹುಡುಗನೂ ಒಂದೇ ವಾರ್ಡಿನಲ್ಲಿ, ಮಧ್ಯೆ ಒಂದು ಮಂಚ. ಇಬ್ಬರಿಗೂ ರಾತ್ರಿ ಹತ್ತಕ್ಕೆ ನೋವಿನ ಇಂಜೆಕ್ಷನ್. ಹುಡುಗನಿಗೆ ಹತ್ತಕ್ಕೇ ಆಯಿತು. ಇನ್ನೊಬ್ಬನಿಗೆ ಹನ್ನೊಂದು ಇಪ್ಪತ್ತಕ್ಕೆ. ಯಾರೂ ಕೊಡಲ್ಲ ಅನ್ನಲಿಲ್ಲ. "ಸ್ವಲ್ಪ ಅನುಭವಿಸಲಿ ಬಿಡು" ಅಂತ ಒಬ್ಬರು ಮೆಲ್ಲಗೆ ಅಂದರು, ಅಲ್ಲಿದ್ದ ಸ್ಟೂಡೆಂಟ್‌ಗಳೆಲ್ಲ ನಕ್ಕರು. ಅವತ್ತು ಆ ಮಕ್ಕಳು ಕಲಿತದ್ದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಜನ್ಮದಲ್ಲಿ ಮರೆಯಲ್ಲ.

ನಾನು ಈಗ ತರಬೇತಿಯಲ್ಲಿ ಈ ಘಟನೆಯನ್ನೇ ಇಟ್ಟು ಕೇಳುತ್ತೇನೆ. ಅವನನ್ನು ನೀವು ಪ್ರೀತಿಸಬೇಕಿಲ್ಲ. ಕ್ಷಮಿಸಬೇಕಿಲ್ಲ. ಹತ್ತಕ್ಕೆ ಇಂಜೆಕ್ಷನ್ ಕೊಡಬೇಕು, ಅಷ್ಟೇ. ತಪ್ಪು ಯಾರದು ಅನ್ನುವುದಕ್ಕೆ ಬೇರೆ ಜಾಗ ಇದೆ, ಅದು ಡ್ರಗ್ ಟ್ರಾಲಿ ಅಲ್ಲ. ಮಕ್ಕಳು ಜಗಳ ಆಡುತ್ತಾರೆ, ಒಮ್ಮೊಮ್ಮೆ ಒಂದೂವರೆ ಗಂಟೆ. ಆಡಲಿ ಅಂತ ಬಿಡುತ್ತೇನೆ. ಏಳು ತತ್ವ ಬಾಯಿಪಾಠ ಮಾಡಿಸುವುದಕ್ಕಿಂತ ಆ ಜಗಳವೇ ಮೇಲು.

ಆ ಏಳು ತತ್ವವನ್ನು 1965ರಲ್ಲಿ ವಿಯೆನ್ನಾದಲ್ಲಿ ಒಪ್ಪಿಕೊಂಡಿದ್ದು. ಆದರೆ ಬೇರು 1859ರ ಜೂನ್ 24ರಲ್ಲಿದೆ. ಇಟಲಿಯ ಸೋಲ್ಫೆರಿನೋ ಯುದ್ಧ. ಹೆನ್ರಿ ಡ್ಯೂನಾಂಟ್ ವ್ಯಾಪಾರದ ಕೆಲಸಕ್ಕೆ ಹೊರಟವನು, ಅಲ್ಲಿಗೆ ಬಂದು ನೋಡಿದರೆ ಸಾವಿರಾರು ಗಾಯಾಳುಗಳು ಬಿದ್ದಿದ್ದಾರೆ. ಪಕ್ಕದ ಕಾಸ್ಟಿಲಿಯೋನೆ ಅನ್ನುವ ಊರಿನ ಹೆಂಗಸರು ಚರ್ಚಿನಲ್ಲಿ ಮಲಗಿಸಿ ನೋಡಿಕೊಂಡರು. ಯಾವ ಕಡೆಯ ಸೈನಿಕ ಅಂತ ಕೇಳಲಿಲ್ಲ, ಎಲ್ಲರೂ ಅಣ್ಣತಮ್ಮಂದಿರೇ ಅಂದರು. ಅವರು ತರಬೇತಿ ಪಡೆದ ನರ್ಸ್‌ಗಳಲ್ಲ. ನಾಲ್ಕು ವರ್ಷಕ್ಕೆ ರೆಡ್‌ಕ್ರಾಸ್, ಐದು ವರ್ಷಕ್ಕೆ ಯುದ್ಧದ ಗಾಯಾಳುಗಳನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದ. ಮಕ್ಕಳಿಗೆ ತತ್ವದ ಪಟ್ಟಿ ಕೊಡುವ ಮೊದಲು ಆ ಚರ್ಚಿನ ಒಳಗೆ ಕರೆದುಕೊಂಡು ಹೋಗಿ ಮೇಡಂ. ನೀರು ಒಂದು ಬಿಂದಿಗೆ ಇದೆ, ಮುನ್ನೂರು ಜನ ಮಲಗಿದ್ದಾರೆ, ಯಾರಿಗೆ ಮೊದಲು ಅಂತ ಕೇಳಿ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಅನ್ನುತ್ತಾರೆ. ಕೂಗುವವನಿಗೆ ಉಸಿರಿದೆ, ಸುಮ್ಮನಿರುವವನ ಹತ್ತಿರ ಮೊದಲು ಹೋಗಿ ಅಂತ ಹೇಳಬೇಕಾಗುತ್ತದೆ. ಡೇರೆಯಲ್ಲಿ ನಾನು ಕಲಿತ ಮೊದಲ ಪಾಠವೇ ಅದು.

ಮತ್ತೆ ದಯವಿಟ್ಟು ಈ "ನರ್ಸ್ ಅಂದ್ರೆ ದೇವತೆ" ಅನ್ನುವ ಭಾಷಣ ನಿಲ್ಲಿಸಿ. ದೇವತೆಗೆ ಸಂಬಳ ಬೇಡ, ನಿದ್ದೆ ಬೇಡ, ಮೂತ್ರಕ್ಕೆ ಹೋಗುವುದೂ ಬೇಡ.

ನಿವೃತ್ತ_ಇನ್‌ಚಾರ್ಜ್:

ಕೊನೆಯ ಸಾಲಿಗೆ ನೂರು ನಮಸ್ಕಾರ! ನರ್ಸಿಂಗಿಗೆ ದಾರಿ ಹಾಕಿಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಕೈಗೆ ದೀಪ ಕೊಟ್ಟು ನಿಲ್ಲಿಸಿಬಿಟ್ಟಿದ್ದೇವೆ. ಆಕೆ ಸತ್ತವರ ಲೆಕ್ಕ ಇಟ್ಟವಳು, ಸೈನಿಕರು ಗಾಯಕ್ಕಿಂತ ಕೊಳಕಿನಿಂದ ಬರುವ ರೋಗಕ್ಕೇ ಜಾಸ್ತಿ ಸಾಯುತ್ತಿದ್ದಾರೆ ಅಂತ ಚಿತ್ರ ಬರೆದು ಸರ್ಕಾರದ ಮುಂದೆ ಹಿಡಿದವಳು. ಆ ಲೆಕ್ಕವೂ ದಯೆಯೇ. ನಿನ್ನ ಹುಡುಗಿಯರಿಗೆ ಇನ್ನೊಂದು ಹೇಳು ತಂಗಿ. ರೋಗಿಯ ಕೋಣೆಯಲ್ಲಿ ನಿಂತು ಪಿಸುಪಿಸು ಮಾತಾಡುವುದು ಕ್ರೌರ್ಯ ಅಂತ ಆಕೆ 1859ರಲ್ಲೇ ಬರೆದಿದ್ದಾಳೆ. ಹಾಸ್ಟೆಲ್ ಜಗಳಕ್ಕೂ ಅದು ಅನ್ವಯಿಸುತ್ತದೆ.

ನೈಟ್ ಡ್ಯೂಟಿ ತಮ್ಮ, ನಿನ್ನ 28 ರೋಗಿಗಳ ಮುಂದೆ ನನ್ನ ಯಾವ ಉಪದೇಶವೂ ನಿಲ್ಲಲ್ಲ, ಒಪ್ಪುತ್ತೇನೆ. ಜನ ಕೊಡಿ ಅಂತ ನಾನೂ ಬರೆದು ಬರೆದು ಪೆನ್ನು ಸವೆಸಿದವಳು. ಆದರೂ ಒಂದು. 2012ರಲ್ಲಿ ಬಂದ ಒಂದು ಅಧ್ಯಯನ ಇದೆ. ಒಬ್ಬ ಸರ್ಜನ್ ಆಪರೇಷನ್ ಆದವರನ್ನು ನೋಡೋಕೆ ಹೋದಾಗ ಕೆಲವರ ಹತ್ತಿರ ನಿಂತು ಮಾತಾಡಿದ, ಕೆಲವರ ಹತ್ತಿರ ಕೂತು. ಎರಡೂ ಸುಮಾರು ಒಂದು ನಿಮಿಷವೇ. ಕೂತು ಮಾತಾಡಿಸಿಕೊಂಡ ರೋಗಿಗಳು ಡಾಕ್ಟರು ಐದು ನಿಮಿಷ ಇದ್ದರು ಅಂದರು. ಕೂರುವುದಕ್ಕೆ ಸಮಯ ಬೇಡ, ಸ್ಟೂಲ್ ಬೇಕು. ನಮ್ಮ ವಾರ್ಡುಗಳಲ್ಲಿ ಅದೂ ಇರಲ್ಲ ಅನ್ನು!

ಆ ಮೂರನೇ ವರ್ಷದ ಮಗುವಿಗೆ: ಆ ಸಿಡುಕಿ ಸ್ಟಾಫ್ ಹತ್ತಿರ ಹೋಗಿ ಆ ಬೆಳಗಿನ ಬಗ್ಗೆ ಹೇಳಿ ಬಾ. ಅವರಿಗೂ ಯಾರೂ ಹೇಳಿರಲ್ಲ. ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ 1997ರಿಂದ ಶ್ವಾರ್ಟ್ಸ್ ರೌಂಡ್ಸ್ ಅಂತ ಶುರು ಮಾಡಿದರು, ಡಾಕ್ಟರು, ನರ್ಸು ಎಲ್ಲ ಒಟ್ಟಿಗೆ ಕೂತು, ಚಿಕಿತ್ಸೆ ಸರಿಯೋ ತಪ್ಪೋ ಅಂತ ಅಲ್ಲ, ಆ ಕೇಸು ನಮಗೆ ಏನು ಮಾಡಿತು ಅಂತ ಮಾತಾಡುವುದು. ಶ್ವಾರ್ಟ್ಸ್ ಅಂದ್ರೆ ಶ್ವಾಸಕೋಶದ ಕ್ಯಾನ್ಸರ್‌ನಿಂದ 1995ರಲ್ಲಿ ತೀರಿಕೊಂಡ ಒಬ್ಬ ರೋಗಿ. ಅಷ್ಟು ದೊಡ್ಡದಾಗಿ ಬೇಡ, ಪೋಸ್ಟಿಂಗ್ ಮುಗಿದ ಮೇಲೆ ಹದಿನೈದು ನಿಮಿಷ, ಅಳುವವರು ಅಳಬಹುದು ಅನ್ನುವ ಒಂದು ಜಾಗ ಸಾಕು.

ಹೊಸ_ಟ್ಯೂಟರ್:

ಎರಡೂವರೆ ವಾರ ಆಯಿತು, ಏನಾಯಿತು ಅಂತ ಹೇಳೋಕೆ ಬಂದೆ.

ಬೊಂಬೆಗೆ ಮಕ್ಕಳೇ ಒಂದು ಬದುಕು ಕೊಟ್ಟಿದ್ದಾರೆ. ನಿವೃತ್ತ ಪೋಸ್ಟ್‌ಮ್ಯಾನ್, ಎಡಗಿವಿ ಕೇಳಿಸಲ್ಲ, ಮಗಳ ಜೊತೆ ಮಾತಿಲ್ಲ. ಎಡಗಿವಿಯ ಕಡೆ ನಿಂತು ಮಾತಾಡಿಸಿದರೆ ಬೊಂಬೆ ಪಕ್ಕದಲ್ಲಿ ಕೂತಿರುವವನು "ಆಂ?" ಅನ್ನುತ್ತಾನೆ. ಮೊದಲ ದಿನ ನಕ್ಕು ನಕ್ಕು ಪಾಠವೇ ಆಗಲಿಲ್ಲ.

ಆಮೇಲೆ ಟ್ರಾಲಿ ಮೇಲೆ ಒಬ್ಬೊಬ್ಬರನ್ನೇ ಮಲಗಿಸಿ ಕಾರಿಡಾರಿನಲ್ಲಿ ತಳ್ಳಿಸಿದೆ, ಯಾರೂ ಏನೂ ಹೇಳಬಾರದು ಅಂತ. "ಬರೀ ಲೈಟು, ಗಲ್ಲ ಕಾಣಿಸುತ್ತೆ ಮೇಡಂ, ಯಾರದೂ ಕಣ್ಣು ಕಾಣಲ್ಲ" ಅಂದ ಒಬ್ಬ. ಚಮಚದಲ್ಲಿ ತಿನ್ನಿಸಿಕೊಂಡವಳಿಗೆ ಸಿಟ್ಟು ಬಂತು. ಮುಂದಿನ ಚಮಚ ಯಾವಾಗ ಬರುತ್ತೆ ಅಂತ ಗೊತ್ತಾಗಲ್ಲ, ನುಂಗುವ ಮೊದಲೇ ಬಾಯಿ ಹತ್ತಿರ ಬಂದಿರುತ್ತೆ ಅಂದಳು. ಅಪಘಾತದ ಇಬ್ಬರ ಕತೆ ಇಟ್ಟೆ. ಡೇರೆ ಆಸ್ಪತ್ರೆ ಮೇಡಂ ಹೇಳಿದ ಹಾಗೆ ಜಗಳವೇ ಆಯಿತು, ಇನ್ನೂ ಮುಗಿದಿಲ್ಲ, ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿದೆಯಂತೆ.

23 ತೆಗೆದ ಹುಡುಗಿ ಹೊಸ ಚೆಕ್‌ಲಿಸ್ಟ್‌ನಲ್ಲಿ ಮೊದಲ ಸಲ ಫೇಲ್. ಜೀವನದಲ್ಲಿ ಮೊದಲ ಸಲ ಫೇಲ್ ಆಗಿದ್ದಂತೆ, ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ವಾರ್ಡಿನಿಂದ ಫೋನ್ ಮಾಡಿ "ಮೇಡಂ, ಪರದೆ ಮುಚ್ಚಲ್ಲ, ನೀವೇ ಬಂದು ನೋಡಿ" ಅಂದಳು.

ಹೋಗಿ ನೋಡಿದೆ. ನೈಟ್_ಡ್ಯೂಟಿ ಸರ್, ನೀವು ಕೇಳಿದ್ದು ಸರಿ, ಸೋಮವಾರ ನೋಡುತ್ತೇನೆ ಅಂದವಳು ನಾನು ಮರೆತೇಬಿಟ್ಟಿದ್ದೆ. ಆರನೇ ಬೆಡ್‌ನ ಪರದೆಗೆ ಹನ್ನೆರಡು ಕೊಂಡಿ ಇರಬೇಕು, ಏಳೇ ಇವೆ. ಎಷ್ಟು ಎಳೆದರೂ ಕಾಲಿನ ಕಡೆ ಎರಡು ಅಡಿ ತೆರೆದೇ ಇರುತ್ತದೆ. ಅವತ್ತು ನಾನು ದೊಡ್ಡದಾಗಿ ಹೋಗಿ ಎಳೆದೆನಲ್ಲ, ಆಗಲೂ ಮುಚ್ಚಿರಲಿಲ್ಲ. ನಾನು ನೋಡಿರಲಿಲ್ಲ. ವಾರ್ಡಿನ ಉಳಿದ ಪರದೆಗಳನ್ನೂ ಎಣಿಸಿದೆವು, ಅವಳೂ ನಾನೂ. ಹದಿನಾರರಲ್ಲಿ ಒಂಬತ್ತು ಪೂರ್ತಿ ಮುಚ್ಚಲ್ಲ.

ಕೊಂಡಿ ಬೇಕು ಅಂತ ಸ್ಟೋರ್ಸ್‌ಗೆ ಬರೆದುಕೊಟ್ಟಿದ್ದೇನೆ, ಅವಳ ಸಹಿಯೂ ಇದೆ. ಅಲ್ಲಿವರೆಗೂ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಒಂದು ಬೆಡ್‌ಶೀಟ್ ಸಿಕ್ಕಿಸುತ್ತಿದ್ದಾರೆ. ಚೆಕ್‌ಲಿಸ್ಟ್ ಯಾರಿಗಾದರೂ ಬೇಕಿದ್ದರೆ ಹೇಳಿ, ಟೈಪ್ ಮಾಡಿ ಹಾಕುತ್ತೇನೆ.

ನೈಟ್_ಡ್ಯೂಟಿ:

ಹಾಕಿ ಮೇಡಂ. ಕ್ಲಿಪ್ ಸ್ಟೀಲಿನದು ತಗೊಳ್ಳಿ, ಪ್ಲಾಸ್ಟಿಕ್ ಆದರೆ ಎರಡು ದಿನಕ್ಕೆ ಮುರಿಯುತ್ತೆ.